ಹತ್ತಿರದ ಗುಂಪು ಮೊದಲು, ನಮ್ಮಂತೆ ಯೋಚಿಸುವವರ ಗುಂಪು ಆಮೇಲೆ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಬೆಂಗಳೂರು ಬಿಟ್ಟು ಆನಂದಪುರದ ಹತ್ತಿರ ಇರುವ ನಮ್ಮ ಯಜಮಾನರ ಊರಿಗೆ ಬಂದು ಎರಡು ವರ್ಷವಾಯಿತು. ಮಗಳಿಗೆ ಒಂಬತ್ತು, ಮಗನಿಗೆ ಆರು. ಇಬ್ಬರಿಗೂ ಹೋಮ್‌ಸ್ಕೂಲಿಂಗ್, ಅಂದರೆ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತೇವೆ. ಪುಸ್ತಕ ಹಿಡಿದು ಪಾಠ ಮಾಡುವುದಕ್ಕಿಂತ, ಮಕ್ಕಳು ಏನು ಕೇಳುತ್ತಾರೋ ಅದನ್ನೇ ಹಿಡಿದು ಮುಂದೆ ಹೋಗುವವರು ನಾವು. ಶಿವಮೊಗ್ಗದಲ್ಲಿ ಇದೇ ರೀತಿ ಯೋಚಿಸುವ ಏಳೆಂಟು ಕುಟುಂಬಗಳ ಗುಂಪು ಇದೆ, ಶನಿವಾರ ಸೇರುತ್ತಾರೆ. ಆದರೆ ನಮಗೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್. ಇಲ್ಲೇ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ನಾಲ್ಕು ಮನೆಯವರ ಇನ್ನೊಂದು ಗುಂಪಿದೆ. ಅವರು ಟೈಮ್‌ಟೇಬಲ್, ವರ್ಕ್‌ಶೀಟ್ ಎಲ್ಲ ಇಟ್ಟುಕೊಂಡು ಕಲಿಸುವವರು. ನನ್ನ ಮಗ ಇನ್ನೂ ಓದಲು ಕಲಿತಿಲ್ಲ. ಅಲ್ಲಿ ಹೋದರೆ ಹೋಲಿಕೆ ಶುರುವಾಗುತ್ತದೇನೋ ಅಂತ ಭಯ. ಬೆಂಗಳೂರಿನ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಇದ್ದೇನೆ, ಆದರೆ ಅಲ್ಲಿಯ ಮಾತು ನಮ್ಮ ಊರಿಗೆ ಹೊಂದುವುದಿಲ್ಲ. ಈಚೆಗೆ ಮಗಳು "ನಾನೂ ಸ್ಕೂಲಿಗೆ ಹೋಗ್ತೀನಿ" ಅನ್ನುತ್ತಿದ್ದಾಳೆ. ಅತ್ತೆಯವರೂ ಅದನ್ನೇ ಹೇಳುತ್ತಾರೆ. ಯಾವ ಗುಂಪಿಗೆ ಸೇರಲಿ?

ಉತ್ತರ: ಮೊದಲು ಹತ್ತಿರದ ಗುಂಪಿಗೆ ಹೋಗಿ. ಶಿವಮೊಗ್ಗದ ಗುಂಪನ್ನು ಬಿಡಬೇಡಿ, ಆದರೆ ಅದನ್ನು ತಿಂಗಳಿಗೊಮ್ಮೆ ಹೋಗಿ ಬರುವ ಜಾಗ ಮಾಡಿಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗಿಗೆ ಬೇಕಾಗಿರುವುದು ತಂದೆ ತಾಯಿಯ ಶಿಕ್ಷಣದ ವಿಚಾರಕ್ಕೆ ಹೊಂದುವ ಮಕ್ಕಳಲ್ಲ. ಮೊನ್ನೆ ಅರ್ಧಕ್ಕೆ ಬಿಟ್ಟ ಆಟವನ್ನು ಇವತ್ತು ಮುಂದುವರಿಸುವ ಒಬ್ಬ ಗೆಳತಿ. ಜಗಳ ಆಡಿ, ಮಾತು ಬಿಟ್ಟು, ಮುಂದಿನ ವಾರ ಮತ್ತೆ ಒಂದಾಗುವಷ್ಟು ಸಲ ಮುಖ ನೋಡಬೇಕು. ಐವತ್ತು ಕಿಲೋಮೀಟರ್ ದೂರದಲ್ಲಿ ಅದು ಆಗುವುದಿಲ್ಲ. ಮೊದಲ ತಿಂಗಳು ಉತ್ಸಾಹದಲ್ಲಿ ನಾಲ್ಕು ಶನಿವಾರವೂ ಹೋಗುತ್ತೀರಿ. ಆಮೇಲೆ ಒಂದು ವಾರ ಮದುವೆ, ಇನ್ನೊಂದು ವಾರ ಅಡಿಕೆಯ ಕೊನೆಕೊಯ್ಲು, ಮತ್ತೊಂದು ವಾರ ಮಗನಿಗೆ ಜ್ವರ. ಜೂನ್ ಬಂದರೆ ಕೇಳುವುದೇ ಬೇಡ. ಎರಡು ತಿಂಗಳು ಬಿಟ್ಟು ಹೋದಾಗ ಉಳಿದ ಮಕ್ಕಳು ತಮ್ಮತಮ್ಮಲ್ಲೇ ಗಟ್ಟಿಯಾಗಿರುತ್ತಾರೆ, ನಿಮ್ಮ ಮಗಳು ಪ್ರತಿ ಸಲವೂ ಹೊಸಬಳೇ ಆಗಿರುತ್ತಾಳೆ. ಹೀಗೆ ಆದ ಮಕ್ಕಳನ್ನು ನಾನು ನೋಡಿದ್ದೇನೆ. ಅಮ್ಮನಿಗೆ ಆ ಗುಂಪಿನಲ್ಲಿ ತುಂಬ ಒಳ್ಳೆಯ ಸ್ನೇಹಿತೆಯರು ಸಿಕ್ಕಿರುತ್ತಾರೆ, ಮಗು ಮಾತ್ರ ಅಮ್ಮನ ಸೆರಗು ಬಿಡುವುದಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಬೇಡಿಕೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮಕ್ಕಳಿಗೆ ಜೊತೆ ಬೇಕು. ನಿಮಗೆ ಧೈರ್ಯ ಬೇಕು, "ನೀವು ಮಾಡುತ್ತಿರುವುದು ಹುಚ್ಚಲ್ಲ" ಅಂತ ಹೇಳುವವರು ಬೇಕು. ಮುಂದೆ ಪರೀಕ್ಷೆ, ಕಾಗದಪತ್ರ ಹೇಗೆ ಅನ್ನುವ ಮಾಹಿತಿಯೂ ಬೇಕು. ಮೂರನ್ನೂ ಒಂದೇ ಗುಂಪು ಕೊಡಬೇಕು ಅಂತ ಹುಡುಕಿದರೆ ಯಾವ ಗುಂಪೂ ಸರಿ ಕಾಣುವುದಿಲ್ಲ. ನಿಮ್ಮ ಧೈರ್ಯಕ್ಕೆ ಶಿವಮೊಗ್ಗದವರು ಸಾಕು. ಫೋನಿನಲ್ಲಿ ಮಾತಾಡಿದರೂ ನಡೆಯುತ್ತದೆ. ಮಾಹಿತಿಗೆ ಬೆಂಗಳೂರಿನ ವಾಟ್ಸಾಪ್ ಗುಂಪನ್ನು ಇಟ್ಟುಕೊಳ್ಳಿ. ದೇಶದ ಬೇರೆ ಬೇರೆ ಕಡೆಯ ಹೋಮ್‌ಸ್ಕೂಲ್ ಪೋಷಕರು ಸೇರಿ ಮಾಡಿಕೊಂಡ 'ಸ್ವಶಿಕ್ಷಣ್' ಎಂಬ ಬಳಗವೂ ಇದೆ, ಈ ಹಾದಿಯಲ್ಲಿ ಮುಂದೆ ಹೋದವರು ಅಲ್ಲಿ ಸಿಗುತ್ತಾರೆ. ಮಕ್ಕಳ ಜೊತೆಗಾರಿಕೆ ಮಾತ್ರ ಫೋನಿನಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಹತ್ತಿರವೇ ಬೇಕು.

ಈಗ ವರ್ಕ್‌ಶೀಟ್ ವಿಚಾರ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಆರು ವರ್ಷಕ್ಕೆ ಓದುವ ಮಕ್ಕಳ ನಡುವೆ ಓದದ ಹುಡುಗ ಕೂತರೆ ಯಾರಾದರೂ ಒಬ್ಬರು "ಇದೇನು ಅಕ್ಷರ ಹೇಳು ನೋಡೋಣ" ಅನ್ನುತ್ತಾರೆ. ಬೈಯುವ ಉದ್ದೇಶ ಇರುವುದಿಲ್ಲ, ಆದರೂ ಮಗು ಕುಗ್ಗುತ್ತದೆ. ಇದನ್ನು ಮೊದಲ ಭೇಟಿಗೂ ಮುಂಚೆಯೇ ಮಾತಾಡಿ ಬಗೆಹರಿಸಿಕೊಳ್ಳಿ. ಫೋನ್ ಮಾಡಿ ನೇರವಾಗಿ ಹೇಳಿ: "ನಮ್ಮ ಹುಡುಗ ಇನ್ನೂ ಓದುತ್ತಿಲ್ಲ, ನಾವು ಅವಸರ ಮಾಡುತ್ತಿಲ್ಲ. ಸೇರಿದಾಗ ಯಾರ ಮಕ್ಕಳನ್ನೂ ಯಾರೂ ಪರೀಕ್ಷೆ ಮಾಡೋದು ಬೇಡ, ಅಲ್ವಾ?" ಅವರು "ಖಂಡಿತ, ನಮಗೂ ಅದೇ ಬೇಕು" ಅಂದರೆ ಅರ್ಧ ಕೆಲಸ ಆಯಿತು. "ಆರು ವರ್ಷ ಆಯ್ತಲ್ಲ, ನಾನು ಎರಡು ತಿಂಗಳಲ್ಲಿ ಕಲಿಸಿಬಿಡ್ತೀನಿ" ಅಂದರೆ ಅದೂ ಒಂದು ಉತ್ತರವೇ.

ಮನೆಯಲ್ಲಿ ಅವರು ಹೇಗೆ ಕಲಿಸುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆಯಲ್ಲ. ಸೇರಿದಾಗ ಏನು ಮಾಡುತ್ತಾರೆ ಅನ್ನುವುದು ಪ್ರಶ್ನೆ. ಸೇರುವ ದಿನವನ್ನು ಯಾವ ಮನೆಯಲ್ಲೂ ಒಬ್ಬರೇ ಮಾಡಲಾಗದ ಕೆಲಸಕ್ಕೆ ಇಟ್ಟುಕೊಂಡರೆ ಎರಡು ಪದ್ಧತಿಗಳು ಎದುರುಬದುರಾಗುವುದೇ ಇಲ್ಲ. ಕಬಡ್ಡಿಗೆ ಎರಡು ತಂಡ ಬೇಕು. ನಾಟಕಕ್ಕೆ ಪಾತ್ರಧಾರಿಗಳು ಬೇಕು. ಒಂದು ಕೆರೆಯ ಸುತ್ತ ನಡೆದು ಅಲ್ಲಿರುವ ಗಿಡ, ಹಕ್ಕಿಗಳ ಪಟ್ಟಿ ಮಾಡಬೇಕಾದರೆ ಬರೆಯಲು ಬರುವ ಮಗುವೂ ಬೇಕು, ಕಣ್ಣು ಚುರುಕಾಗಿರುವ ನಿಮ್ಮ ಹುಡುಗನೂ ಬೇಕು. ಹಾಗೆ ಸೇರಿದ ಕಡೆ, ಓದಲು ಬರುವ ಎಂಟು ವರ್ಷದವನು ಓದಲು ಬಾರದ ಆರು ವರ್ಷದವನಿಗೆ ಆಟದ ನಿಯಮ ಓದಿ ಹೇಳುತ್ತಾನೆ. ಇಬ್ಬರಿಗೂ ಅದರಲ್ಲಿ ಏನೂ ವಿಶೇಷ ಅನ್ನಿಸುವುದಿಲ್ಲ.

ಸೇರುವ ಮೊದಲು ಒಮ್ಮೆ ಸುಮ್ಮನೆ ಹೋಗಿ ಕೂತು ನೋಡಿ. ದೊಡ್ಡವರ ಮಾತಿಗಿಂತ ಜಾಸ್ತಿ ಮಕ್ಕಳ ಕಡೆ ಗಮನ ಕೊಡಿ. ಎರಡು ಮಕ್ಕಳು ಕಿತ್ತಾಡಿದಾಗ ಏನಾಗುತ್ತದೆ? ಅಮ್ಮಂದಿರು ತಕ್ಷಣ ಎದ್ದು ಬಂದು ತಂತಮ್ಮ ಮಗುವಿನ ಪರ ನಿಲ್ಲುತ್ತಾರೋ, ಸ್ವಲ್ಪ ಕಾಯುತ್ತಾರೋ? ದೊಡ್ಡ ಮಕ್ಕಳು ಚಿಕ್ಕವರನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೋ, ಓಡಿಸುತ್ತಾರೋ? ಯಾವುದಾದರೂ ಮಗು ಎಲ್ಲರಿಂದ ದೂರ ಕೂತಿದ್ದರೆ ಅದನ್ನು ಯಾರಾದರೂ ಗಮನಿಸುತ್ತಾರೋ? ನನ್ನ ಪ್ರಕಾರ ಒಂದು ಗುಂಪಿನ ಬಗ್ಗೆ ತಿಳಿಯಬೇಕಾದ ಮುಖ್ಯ ವಿಷಯ ಇದರಲ್ಲೇ ಇದೆ. ವಾಪಸ್ ಬರುವಾಗ ಮಗಳನ್ನು "ಇಷ್ಟ ಆಯ್ತಾ?" ಅಂತ ಕೇಳಬೇಡಿ. ನೀವು ಏನು ಉತ್ತರ ಬಯಸುತ್ತೀರಿ ಅಂತ ಅವಳಿಗೆ ಗೊತ್ತು. "ಯಾರ ಜೊತೆ ಏನು ಆಡಿದಿರಿ?" ಅಂತ ಕೇಳಿ. ಹೆಸರುಗಳು ಬರುತ್ತವೋ ನೋಡಿ. ಮೊದಲ ಸಲ ಬರದಿದ್ದರೂ ಚಿಂತೆಯಿಲ್ಲ. ನಾಲ್ಕನೇ ಸಲವೂ ಒಂದು ಹೆಸರೂ ಬರದಿದ್ದರೆ ಆ ಗುಂಪು ಅವಳದ್ದಾಗಿಲ್ಲ ಅಂತಲೇ.

ಕೆಲವು ಗುಂಪುಗಳಿಂದ ಮಾತ್ರ ಮೊದಲ ದಿನವೇ ಎದ್ದು ಬನ್ನಿ. ಮಗುವಿಗೆ ಹೊಡೆಯುವ ಅಥವಾ ಎಲ್ಲರ ಮುಂದೆ ಅವಮಾನ ಮಾಡುವ ಕಡೆ ನಿಲ್ಲಬೇಡಿ. ಒಬ್ಬರೇ ಹಿರಿಯರು ಎಲ್ಲವನ್ನೂ ತೀರ್ಮಾನಿಸಿ ಉಳಿದವರು ತಲೆಯಾಡಿಸುವ ಕಡೆಯೂ ಬೇಡ. ಕೋರ್ಸು, ಕಿಟ್ಟು, ಪ್ಯಾಕೇಜು ಕೊಳ್ಳಿ ಅಂತ ಒತ್ತಾಯಿಸಿದರೆ ಅವರು ವ್ಯಾಪಾರಕ್ಕೆ ಬಂದವರು. "ನಮ್ಮಲ್ಲಿ ಸೇರಿದರೆ ಸರ್ಟಿಫಿಕೇಟ್ ಕೊಡಿಸುತ್ತೇವೆ" ಅನ್ನುವವರನ್ನು ಅವತ್ತೇ ಬಿಟ್ಟುಬಿಡಿ. ಗುಂಪಿಗೆ ಆ ಅಧಿಕಾರ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಇದು ಕೆಲವರಿಗೆ ಹಿಡಿಸುವುದಿಲ್ಲ. ಮಲೆನಾಡಿನಲ್ಲಿ ಇಂಥ ಗುಂಪುಗಳು ನೆಂಟರು, ಪರಿಚಯದವರ ಮೂಲಕ ಬೆಳೆಯುತ್ತವೆ. ಹಾಗಾಗಿ ತೋಟ ಇರುವವರು, ಒಂದೇ ಜಾತಿಯವರು, ನಗರದಿಂದ ಮರಳಿ ಬಂದವರು, ಇಷ್ಟೇ ಜನ ಇರುತ್ತಾರೆ. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ಫಲ ಅದೇ. ಅದರ ಮೇಲೆ ಮಕ್ಕಳ ನಡುವಿನ ಮಾತೆಲ್ಲ ಇಂಗ್ಲಿಷ್ ಆದರೆ, ಪಕ್ಕದ ಮನೆಯ ಹುಡುಗ ಬೇಲಿ ದಾಟಿ ಬಂದರೂ ಆಟಕ್ಕೆ ಸೇರಲಾರ. ಶಾಲೆ ಬೇಡ ಅಂತ ತೀರ್ಮಾನಿಸಿದ ನಾವು, ಶಾಲೆಯಲ್ಲಿ ತಾನಾಗಿ ಸಿಗುತ್ತಿದ್ದ ಬೇರೆ ಬೇರೆ ಮನೆಯ ಮಕ್ಕಳ ಸಹವಾಸವನ್ನು ಪ್ರಯತ್ನಪಟ್ಟು ಒದಗಿಸಬೇಕು. ಇದು ನಮ್ಮ ಹೊಣೆ. ಆದ್ದರಿಂದ ಗುಂಪಿನಲ್ಲಿ ಯಾರಿದ್ದಾರೆ ಅನ್ನುವುದರ ಜೊತೆಗೆ ಯಾರಿಲ್ಲ ಅಂತಲೂ ನೋಡಿ. ಸೇರುವ ಹೊತ್ತನ್ನು ಸಂಜೆ ನಾಲ್ಕೂವರೆಗೋ ಭಾನುವಾರಕ್ಕೋ ಇಟ್ಟುಕೊಂಡರೆ ಊರಿನ ಶಾಲೆಗೆ ಹೋಗುವ ಮಕ್ಕಳೂ ಬರಬಹುದು. ಕೆಲಸಕ್ಕೆ ಬರುವವರ ಮಕ್ಕಳನ್ನೂ ಕರೆಯಿರಿ. ಕರೆದರೆ ಸಾಲದು, ಅವರ ಮನೆಗೆ ನಿಮ್ಮ ಮಕ್ಕಳೂ ಹೋಗಿ ಆಡಬೇಕು. ಆಟದ ಭಾಷೆ ಕನ್ನಡವೇ ಇರಲಿ.

ನಿಜ ಹೇಳಬೇಕೆಂದರೆ, ನಿಮ್ಮ ಮಗಳ "ಸ್ಕೂಲಿಗೆ ಹೋಗ್ತೀನಿ" ಅನ್ನುವ ಮಾತಿನ ಹಿಂದೆ ಇದೇ ಇರಬಹುದು. ಬೆಳಿಗ್ಗೆ ಊರಿನ ಮಕ್ಕಳು ಬ್ಯಾಗ್ ಹಾಕಿಕೊಂಡು ಮಾತಾಡುತ್ತಾ ಹೋಗುವುದನ್ನು ಅವಳು ನೋಡುತ್ತಾಳಲ್ಲ. ಅವಳಿಗೆ ಬೇಕಿರುವುದು ಆ ಜೊತೆಯೋ, ಪಾಠವೋ, ಯೂನಿಫಾರ್ಮೋ, ಕೇಳಿ ತಿಳಿದುಕೊಳ್ಳಿ. "ಸ್ಕೂಲಲ್ಲಿ ಏನೇನು ಇರುತ್ತೆ ಅನ್ಸುತ್ತೆ ನಿನಗೆ?" ಅಂತ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಹತ್ತಿರದ ಗುಂಪು ಸಿಕ್ಕಿ, ಸಂಜೆಯ ಆಟವೂ ಶುರುವಾಗಿ ಮೂರ್ನಾಲ್ಕು ತಿಂಗಳಾದ ಮೇಲೂ ಅವಳು ಅದನ್ನೇ ಕೇಳಿದರೆ, ಅದು ಅವಳ ಸ್ವಂತ ಬಯಕೆ. ಗೌರವಿಸಿ, ಶಾಲೆಗೆ ಕಳಿಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಹೋಗದೆ ಇದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗೆ ಇದೆ. ಒಂದನೇ ಕ್ಲಾಸಿನಿಂದ ಶುರು ಮಾಡಬೇಕಾಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

ಕಾನೂನಿನ ಮಾತು ಬಂದದ್ದರಿಂದ ಉಳಿದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರಲ್ಲಿದೆ. ಸೇರಿಸದ ಪೋಷಕರಿಗೆ ಶಿಕ್ಷೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಹೋಮ್‌ಸ್ಕೂಲಿಂಗ್ ಮಾಡಬಹುದು ಅಂತಲೂ ಬರೆದಿಲ್ಲ. ಹಾಗಾಗಿ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಶಿಕ್ಷಣ ಇಲಾಖೆಯ ಸಿಆರ್‌ಪಿಯವರೋ ಊರಿನ ಮೇಷ್ಟ್ರೋ ಮನೆಗೆ ಬಂದರೆ ಗಾಬರಿಯಾಗಬೇಡಿ, ಸಿಟ್ಟೂ ಮಾಡಬೇಡಿ. ಕೂಲಿಗೆ ಹೋಗುವ, ಬಾಲ್ಯವಿವಾಹಕ್ಕೆ ಸಿಗುವ ಮಕ್ಕಳನ್ನು ಹುಡುಕಲು ಬಂದವರು ಅವರು. ಅವರ ಕೆಲಸ ಮುಖ್ಯವಾದದ್ದು. ಕಾಫಿ ಕೊಟ್ಟು ಕೂರಿಸಿ, ಮಕ್ಕಳು ಮಾಡಿದ ಚಿತ್ರ, ಬರೆದ ನೋಟು, ನೋಡಿದ ಹಕ್ಕಿಗಳ ಪಟ್ಟಿ ತೋರಿಸಿ. ಇದಕ್ಕಾಗಿ ಒಂದು ಫೈಲ್ ಮೊದಲಿಂದಲೂ ಇಟ್ಟಿರಿ. ಹತ್ತಿರದ ಗುಂಪಿನ ವರ್ಕ್‌ಶೀಟ್ ಅಮ್ಮಂದಿರು ಈ ವಿಷಯದಲ್ಲಿ ನಿಮಗಿಂತ ಅಚ್ಚುಕಟ್ಟಾಗಿರಬಹುದು, ಅವರಿಂದ ಕಲಿಯಿರಿ.

ಪರೀಕ್ಷೆಗೆ ಎನ್‌ಐಒಎಸ್ ಇದೆ. 1989ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ. ಅದರ ಎ, ಬಿ, ಸಿ ಹಂತಗಳು ಮೂರು, ಐದು, ಎಂಟನೇ ತರಗತಿಗೆ ಸಮ. ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಭಾಷಾ ವಿಷಯವಾಗಿ ಕನ್ನಡವನ್ನೂ ತೆಗೆದುಕೊಳ್ಳಬಹುದು. ನಿಮ್ಮ ಮಗಳಿಗೆ ಅದಕ್ಕೆ ಇನ್ನೂ ಐದು ವರ್ಷ ಇದೆ. ಈಗಿನಿಂದ ತಲೆ ಕೆಡಿಸಿಕೊಳ್ಳಬೇಡಿ.

ಗುಂಪು ಬೆಳೆದಾಗ ಎಲ್ಲ ಕಡೆ ಒಂದು ಯೋಚನೆ ಬರುತ್ತದೆ: ಒಂದು ಮನೆ ಬಾಡಿಗೆ ಹಿಡಿಯೋಣ, ಒಬ್ಬ ಟೀಚರ್ ಇಡೋಣ, ದಿನಾ ಸೇರಿಸೋಣ, ಎಲ್ಲರೂ ಫೀಸು ಹಾಕೋಣ. ಅಲ್ಲಿ ಜಾಗ್ರತೆ. ಮಾನ್ಯತೆ ಇಲ್ಲದೆ ಶಾಲೆ ನಡೆಸುವುದನ್ನು ಇದೇ ಕಾಯ್ದೆ ನಿಷೇಧಿಸುತ್ತದೆ. ಒಂದು ಲಕ್ಷ ರೂಪಾಯಿವರೆಗೆ ದಂಡ, ನಿಲ್ಲಿಸದಿದ್ದರೆ ದಿನಕ್ಕೆ ಹತ್ತು ಸಾವಿರ ರೂಪಾಯಿ. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಸೇರಿ, ತಿಂಡಿಯನ್ನು ಹಂಚಿಕೊಂಡು, ಪೋಷಕರೇ ಮುಂದೆ ನಿಂತು ನಡೆಸುವುದು ಬೇರೆ. ಅದು ಹಾಗೆಯೇ ಇರಲಿ.

ಇನ್ನು ಇಲ್ಲಿಯ ಕಾಲಮಾನ. ಬೆಂಗಳೂರಿನವರ ಮಾತು ನಿಮಗೆ ಹೊಂದದಿರುವುದು ಇಲ್ಲೇ. ಅವರು ವರ್ಷವಿಡೀ ಒಂದೇ ರೀತಿ ಪಾರ್ಕಿನಲ್ಲಿ ಸೇರಬಹುದು. ನಮ್ಮಲ್ಲಿ ವರ್ಷ ಮೂರು ತುಂಡಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ನಡುವೆಯೇ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಗಡಿಬಿಡಿ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಮರ ಬಿದ್ದು ರಸ್ತೆ ಬಂದ್. ಆಗ ಸೇರಲು ಗಟ್ಟಿ ಮಾಡಿನ ಜಾಗ ಬೇಕು. ದೊಡ್ಡ ಜಗಲಿ ಇರುವ ಮನೆ ಯಾರದ್ದು ಅಂತ ಮೇ ತಿಂಗಳಲ್ಲೇ ಮಾತಾಡಿಕೊಳ್ಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲೂ ಕೇಳಿ ನೋಡಿ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಈ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಊರಿನ ಉಳಿದ ಮಕ್ಕಳು ತಾವಾಗಿ ಬರುವ ಜಾಗ ಅದು. ನಿಮಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಅಕ್ಟೋಬರ್, ನವೆಂಬರ್ ಚೆನ್ನಾಗಿರುತ್ತದೆ, ಆದರೆ ಕೊಯ್ಲು, ಸುಲಿಯುವ ಕೆಲಸ ಶುರುವಾಗುತ್ತದೆ. ದೊಡ್ಡವರಿಗೆ ಬಿಡುವಿಲ್ಲದ ಹೊತ್ತಿನಲ್ಲಿ ಗುಂಪು ನಿಂತುಹೋಗದಂತೆ ಒಂದು ಮನೆಯವರು ಎಲ್ಲ ಮಕ್ಕಳನ್ನೂ ನೋಡಿಕೊಳ್ಳುವ ಸರದಿ ಮಾಡಿಕೊಳ್ಳಿ. ಆಮೇಲೆ ಬರುವುದು ಮಂಗನ ಕಾಯಿಲೆಯ ಕಾಲ, ಸುಮಾರಾಗಿ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನ, ಅಂದರೆ ಉಣ್ಣೆ ಹುಳುವಿನ, ಕಡಿತದಿಂದ ಬರುತ್ತದೆ. ನಗರದಿಂದ ಬಂದ ಕುಟುಂಬಗಳು 'ನೇಚರ್ ವಾಕ್' ಅಂತ ಬೇಸಿಗೆಯಲ್ಲಿ ಮಕ್ಕಳನ್ನು ಕಾಡಿನೊಳಗೆ ಕರೆದುಕೊಂಡು ಹೋಗುವುದನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಆ ತಿಂಗಳುಗಳಲ್ಲಿ ಕಾಡು ಬೇಡ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಅತ್ತ ತಲೆ ಹಾಕಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತೋಟದ ಅಂಚಿಗೆ ಹೋಗುವಾಗಲೂ ಮೈ ತುಂಬ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ. ಗುಂಪಿನಲ್ಲಿ ಇದನ್ನು ತಿಳಿದವರು ಯಾರೂ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಒಂದು ದಿನ ಕರೆಸಿ ಮಾತಾಡಿಸಿ.

ಆ ಬೇಸಿಗೆಯ ತಿಂಗಳುಗಳಿಗೆ ಊರು, ಕೋಟೆ, ರಂಗಮಂದಿರ ಇವೆಯಲ್ಲ. ಶಿವಮೊಗ್ಗದ ಗುಂಪಿನ ಜೊತೆಗಿನ ತಿಂಗಳ ಭೇಟಿಯನ್ನು ಇದಕ್ಕೇ ಇಟ್ಟುಕೊಳ್ಳಿ. ಪ್ರತಿ ಸಲ ನೀವೇ ಪೂರ್ತಿ ದೂರ ಹೋಗಬೇಕಾಗಿಲ್ಲ. ಸಾಗರ ರಸ್ತೆಯಲ್ಲಿರುವ ತ್ಯಾವರೆಕೊಪ್ಪದ ಹುಲಿ ಸಿಂಹಧಾಮ ನಿಮಗೆ ಶಿವಮೊಗ್ಗ ನಗರಕ್ಕಿಂತ ಮುಂಚೆಯೇ ಸಿಗುತ್ತದೆ. ಒಂದು ಸಲ ಅವರೇ ನಿಮ್ಮ ಕಡೆ ಬರಲಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ನೋಡಿ, ಇಕ್ಕೇರಿಯ ದೇವಸ್ಥಾನ ನೋಡಿ, ಇನ್ನೊಂದು ದಿನ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋದರೆ ಕೆಳದಿಯ ಒಂದೇ ಅರಸು ಮನೆತನದ ಕಥೆ ಮಕ್ಕಳ ತಲೆಯಲ್ಲಿ ತಾನಾಗಿ ಜೋಡಣೆಯಾಗುತ್ತದೆ. ಹೆಗ್ಗೋಡು ಸಾಗರದ ಪಕ್ಕದಲ್ಲೇ ಇದೆ. 1949ರಲ್ಲಿ ಹುಟ್ಟಿದ ನೀನಾಸಂ, ಬಟ್ಟೆ ನೇಯುವ, ಬಣ್ಣ ಹಾಕುವ ಹೆಂಗಸರ ಚರಕ ಸಂಸ್ಥೆ, ಎರಡೂ ಅಲ್ಲಿವೆ. ನಾಟಕ ಇರುವ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ಹಳ್ಳಿಯವರು ನಾಟಕ ಕಟ್ಟಿ, ಹಳ್ಳಿಯವರೇ ಕೂತು ನೋಡುವ ಊರು ನಮ್ಮ ಪಕ್ಕದಲ್ಲಿರುವುದು ದೊಡ್ಡ ಭಾಗ್ಯ.

ಸುರಕ್ಷತೆಯ ಬಗ್ಗೆ ಸಂಕೋಚ ಬೇಡ. ಪರಿಚಯದವರೇ ಅಲ್ವಾ ಅಂತ ಬಿಡಬೇಡಿ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಅದೂ ಬೇರೆ ಬೇರೆ ಮನೆಯವರು ಇರಲಿ. ಮೊದಲ ವರ್ಷ ರಾತ್ರಿ ಉಳಿಸುವುದು ಬೇಡ. ಯಾರ ಮನೆಯಲ್ಲಿ ಸೇರುತ್ತೀರೋ ಅಲ್ಲಿಯ ಬಾವಿ, ಕೃಷಿಹೊಂಡ, ಹೊಳೆಗೆ ಇಳಿಯುವ ದಾರಿ ಎಲ್ಲವನ್ನೂ ಮೊದಲೇ ನೋಡಿಕೊಳ್ಳಿ. ನಮ್ಮ ಕಡೆ ಕೃಷಿಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಜಾರುತ್ತದೆ, ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ಬೇಲಿ ಇಲ್ಲದಿದ್ದರೆ ಆ ಮನೆ ಬೇಡ. ಮಕ್ಕಳ ಸಹಾಯವಾಣಿ 1098 ನಿಮ್ಮ ಮಕ್ಕಳಿಗೂ ಬಾಯಿಪಾಠ ಆಗಿರಲಿ.

ಅತ್ತೆಯವರನ್ನು ಗೆಲ್ಲಲು ವಾದ ಬೇಡ. ನಿಮ್ಮ ಮನೆಯ ಸರದಿ ಬಂದ ದಿನ ಅವರೂ ಇರಲಿ. ಮೊಮ್ಮಕ್ಕಳು ಹತ್ತು ಮಕ್ಕಳ ನಡುವೆ ಇರುವುದನ್ನು ಕಣ್ಣಾರೆ ನೋಡಿದರೆ ಅವರ ಚಿಂತೆಯಲ್ಲಿ ದೊಡ್ಡ ಪಾಲು ಕಡಿಮೆಯಾಗುತ್ತದೆ.

ಒಂದು ವಿಷಯಕ್ಕೆ ತಯಾರಾಗಿರಿ. ಸಣ್ಣ ಗುಂಪುಗಳು ಒಡೆಯುತ್ತವೆ. ಮಕ್ಕಳು ಹೈಸ್ಕೂಲ್ ವಯಸ್ಸಿಗೆ ಬಂದಾಗ ಕೆಲವರು ಪೇಟೆಗೆ ಹೋಗುತ್ತಾರೆ, ಕೆಲವರು ಶಾಲೆಗೆ ಸೇರಿಸುತ್ತಾರೆ. ನಾಲ್ಕು ಮನೆ ಎರಡಾದರೂ ಸೇರುವ ವಾರ ಮತ್ತು ಹೊತ್ತನ್ನು ಬದಲಿಸಬೇಡಿ. ಹೊಸಬರಿಗಾಗಿ ಹಾಲಿನ ಡೈರಿ, ಸೊಸೈಟಿ, ಗ್ರಂಥಾಲಯ ಮೂರು ಕಡೆ ಒಂದು ಚೀಟಿ ಅಂಟಿಸಿ. 'ಹೋಮ್‌ಸ್ಕೂಲಿಂಗ್' ಅಂತ ಬರೆಯಬೇಡಿ, ಜನ ತಮಗಲ್ಲ ಅಂತ ಮುಂದೆ ಹೋಗುತ್ತಾರೆ. "ಭಾನುವಾರ ಹತ್ತು ಗಂಟೆಗೆ ಮಕ್ಕಳ ಆಟ, ಕಥೆ, ನಾಟಕ. ಐದರಿಂದ ಹನ್ನೆರಡು ವರ್ಷ. ಎಲ್ಲರೂ ಬರಬಹುದು, ದುಡ್ಡಿಲ್ಲ" ಅಂತ ಬರೆದು, ಜಾಗ ಮತ್ತು ಫೋನ್ ನಂಬರ್ ಹಾಕಿ. ಹತ್ತಿರದ ಗುಂಪು ನಿಮಗೆ ಹೊಂದದೇ ಹೋದರೂ ಇದೇ ಚೀಟಿಯಿಂದ ನಿಮ್ಮ ಊರಲ್ಲೇ ಶುರು ಮಾಡಬಹುದು. ಮೊದಲ ವಾರ ಮೂರು ಮಕ್ಕಳು ಬಂದರೂ ಸಾಕು.